ಶಿಕ್ಷಕರನ್ನು ಶಿಕ್ಷಕರೇ ರೂಪಿಸುವ ಬಗೆ

ಶಾಲೆಯೊಂದರ ವಾರ್ಷಿಕ ಸ್ಮರಣ ಸಂಪುಟವನ್ನು ತೆರೆದಾಗ ಸಾಮಾನ್ಯವಾಗಿ ಕಣ್ಣಿಗೆ ಬೀಳುವವು ಪರೀಕ್ಷೆಯ ಫಲಿತಾಂಶಗಳು, ಪಾರಿತೋಷಕ ಪಡೆದವರ ಹೆಸರುಗಳು, ವೈದ್ಯರಾಗಿ, ಅಭಿಯಂತರರಾಗಿ, ಅಧಿಕಾರಿಗಳಾಗಿ ಶಾಲೆಗೆ ಕೀರ್ತಿ ತಂದ ಹಳೆಯ ವಿದ್ಯಾರ್ಥಿಗಳ ಭಾವಚಿತ್ರಗಳು. ಇವೆಲ್ಲ ಇರತಕ್ಕವೇ. ಆದರೆ ಇಂತಹ ಪುಟಗಳಲ್ಲಿ ಅಪರೂಪವಾಗಿ ಕಾಣುವ ಲೆಕ್ಕವೊಂದುಂಟು. ಈ ಶಾಲೆಯಲ್ಲಿ ಕಲಿತವರಲ್ಲಿ ಎಷ್ಟು ಜನ ಶಿಕ್ಷಕರಾದರು? ಆದವರು ಯಾವ ಕಾರಣದಿಂದ ಆದರು?

ಈ ಪ್ರಶ್ನೆ ಸಣ್ಣದಲ್ಲ. ವೈದ್ಯನಾಗುವವನು, ವಕೀಲನಾಗುವವನು, ವ್ಯಾಪಾರಿಯಾಗುವವನು ಇವರೆಲ್ಲರೂ ಶಿಕ್ಷಕನ ಕೈಯಿಂದಲೇ ಹಾಯ್ದು ಹೋಗಬೇಕು. ಒಂದು ತಲೆಮಾರಿನ ಬುದ್ಧಿವಂತ ಮಕ್ಕಳು ಶಿಕ್ಷಕವೃತ್ತಿಯ ಕಡೆಗೆ ಮುಖ ಮಾಡದೆ ಹೋದರೆ ಅದರ ನಷ್ಟ ಮುಂದಿನ ತಲೆಮಾರಿನ ಎಲ್ಲ ಉದ್ಯೋಗಗಳಿಗೂ ತಟ್ಟುತ್ತದೆ. ಆದುದರಿಂದ ಶಿಕ್ಷಕನಾಗಬೇಕೆಂಬ ನಿಶ್ಚಯ ಎಲ್ಲಿ ಹುಟ್ಟುತ್ತದೆ, ಅದರಲ್ಲಿ ಹಿಂದಿನ ಶಿಕ್ಷಕರ ಪಾಲೆಷ್ಟು ಎಂಬುದನ್ನು ಕೆಲವು ನಿಜವಾದ ಉದಾಹರಣೆಗಳ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ಒಳಗಿನಿಂದ ಕಾಣುವ ಒಂದೇ ಉದ್ಯೋಗ

ನಮ್ಮ ಗೋಪನಕೊಪ್ಪದ ಮಗುವನ್ನೇ ತೆಗೆದುಕೊಳ್ಳೋಣ. ಕೊಪ್ಪವೆಂದರೆ ಚಿಕ್ಕ ಊರು. ಹಿಂದೆ ಹುಬ್ಬಳ್ಳಿಯ ಹೊರಗಿನ ಹಳ್ಳಿಯಾಗಿದ್ದ ಇದು ಇಂದು ಹುಬ್ಬಳ್ಳಿ-ಧಾರವಾಡ ಮಹಾನಗರದ ಭಾಗವಾಗಿದೆ. ಹೊಲದ ಕೆಲಸ, ಅಂಗಡಿಯ ವ್ಯವಹಾರ, ರೈಲ್ವೆಯ ನೌಕರಿ, ಬ್ಯಾಂಕು, ಆಸ್ಪತ್ರೆ, ಕಚೇರಿ, ಇವೆಲ್ಲ ಮಗುವಿನ ಕಣ್ಣಳತೆಯಲ್ಲಿಯೇ ಇವೆ. ಆದರೆ ಇವುಗಳಲ್ಲಿ ಹೆಚ್ಚಿನವನ್ನು ಮಗು ಹೊರಗಿನಿಂದ ನೋಡುತ್ತದೆ. ಗಾರ್ಡನು ಹಸಿರು ನಿಶಾನೆ ಬೀಸಿದ್ದನ್ನು ಅರೆಗಳಿಗೆ ಕಂಡಿರುತ್ತದೆ. ವೈದ್ಯರನ್ನು ಜ್ವರ ಬಂದಾಗ ಕಂಡಿರುತ್ತದೆ. ಬ್ಯಾಂಕಿನವರನ್ನು ತಂದೆಯ ಕೈಹಿಡಿದು ನಿಂತು ಗಾಜಿನಾಚೆಗೆ ಕಂಡಿರುತ್ತದೆ. ತನ್ನ ಮನೆಯ ಕಸುಬನ್ನು ಬಿಟ್ಟರೆ ಮಗು ದಿನದ ಬಹುಭಾಗ, ವರ್ಷಾನುಗಟ್ಟಲೆ, ಎದುರಿಗೆ ಕುಳಿತು ನೋಡುವ ಉದ್ಯೋಗ ಶಿಕ್ಷಕನದೊಂದೇ.

ಇದನ್ನು ಅಂಕೆಗಳಲ್ಲಿ ಹೇಳಬಹುದು. 2009ರ ಶಿಕ್ಷಣ ಹಕ್ಕು ಕಾಯಿದೆಯು ಒಂದರಿಂದ ಐದನೆಯ ವರ್ಗದವರೆಗೆ ವರ್ಷಕ್ಕೆ 800 ಗಂಟೆ, ಆರರಿಂದ ಎಂಟನೆಯ ವರ್ಗದವರೆಗೆ ವರ್ಷಕ್ಕೆ 1000 ಗಂಟೆ ಬೋಧನೆ ನಡೆಯಬೇಕೆಂದು ವಿಧಿಸಿದೆ. ಎಂಟು ವರ್ಷಗಳಿಗೆ 7000 ಗಂಟೆಗಳಾದವು. ಪ್ರೌಢಶಾಲೆಯ ಎರಡು ವರ್ಷಗಳನ್ನು ಅದೇ ಪ್ರಮಾಣದಲ್ಲಿ ಕೂಡಿಸಿದರೆ ಎಸ್.ಎಸ್.ಎಲ್.ಸಿ. ಮುಗಿಸುವ ವೇಳೆಗೆ ಒಬ್ಬ ವಿದ್ಯಾರ್ಥಿ ಸುಮಾರು 9000 ಗಂಟೆ ಶಿಕ್ಷಕರ ಕೆಲಸವನ್ನು ನೋಡಿರುತ್ತಾನೆ. ಇದರ ಪಕ್ಕದಲ್ಲಿ ಬಿ.ಇಡಿ. ತರಬೇತಿಯನ್ನಿಟ್ಟು ನೋಡಿರಿ. ವಾರಕ್ಕೆ 36 ಗಂಟೆ, ವರ್ಷಕ್ಕೆ 200 ದಿನ, ಎರಡು ವರ್ಷ. ವಾರಕ್ಕೆ ಆರು ದಿನಗಳಂತೆ ಹಿಡಿದರೆ ಒಟ್ಟು 2400 ಗಂಟೆ. ಎಂದರೆ ತರಬೇತಿ ಮಹಾವಿದ್ಯಾಲಯದ ಬಾಗಿಲಿಗೆ ಬಂದು ನಿಂತವನು ಅಲ್ಲಿ ಕಳೆಯಲಿರುವ ಸಮಯದ ಮೂರೂವರೆ ಪಟ್ಟಿಗಿಂತ ಹೆಚ್ಚು ಕಾಲವನ್ನು ಶಿಕ್ಷಕವೃತ್ತಿಯನ್ನು ನೋಡುವುದರಲ್ಲಿ ಆಗಲೇ ಕಳೆದು ಬಂದಿರುತ್ತಾನೆ.

ಅಮೇರಿಕೆಯ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಪ್ರಕಟಿಸಿದ 'ಸ್ಕೂಲ್‌ಟೀಚರ್' ಎಂಬ ಗ್ರಂಥದಲ್ಲಿ ಈ ವಿಷಯವನ್ನು ವಿವೇಚಿಸಿದ್ದಾನೆ. ಆ ದೇಶದ ವಿದ್ಯಾರ್ಥಿ ಪ್ರೌಢಶಿಕ್ಷಣ ಮುಗಿಸುವ ಹೊತ್ತಿಗೆ ಸುಮಾರು 13,000 ಗಂಟೆ ಶಿಕ್ಷಕರ ಸಾನ್ನಿಧ್ಯದಲ್ಲಿ ಕಳೆದಿರುತ್ತಾನೆಂಬುದು ಅವನ ಲೆಕ್ಕ. ಇದನ್ನು ಅವನು ನೋಡುತ್ತ ಪಡೆಯುವ ಒಂದು ಬಗೆಯ ಶಿಷ್ಯತ್ವವೆಂದು ಕರೆದನು. ಬಡಿಗನ ಮಗ ಉಳಿಬಾಚಿಗಳನ್ನು ನೋಡುತ್ತ ಬೆಳೆದಂತೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಬೋಧನೆಯನ್ನು ನೋಡುತ್ತ ಬೆಳೆಯುತ್ತಾನೆ. ಜನರನ್ನು ಈ ವೃತ್ತಿಗೆ ಸೆಳೆಯುವ ಕಾರಣಗಳನ್ನೂ ಲಾರ್ಟಿ ಎಣಿಸಿದ್ದಾನೆ: ಮಕ್ಕಳೊಡನೆ ಒಡನಾಡುವ ಆಸೆ, ಸೇವೆಯ ಭಾವನೆ, ಶಾಲೆಯ ಬದುಕನ್ನೇ ಮುಂದುವರಿಸಬೇಕೆಂಬ ಇಚ್ಛೆ, ಸಂಬಳದ ಭದ್ರತೆ, ಕುಟುಂಬಕ್ಕೆ ಒಗ್ಗುವ ವೇಳಾಪಟ್ಟಿ. ಇವುಗಳಲ್ಲಿ ಮೊದಲಿನ ಮೂರು ಶಾಲೆಯ ಅನುಭವದಿಂದಲೇ ಬೆಳೆಯತಕ್ಕವು. ಶಾಲೆಯಲ್ಲಿ ಸುಖ ಕಾಣದವನಿಗೆ ಶಾಲೆಯಲ್ಲಿಯೇ ಉಳಿಯಬೇಕೆಂದು ಎನಿಸುವುದು ವಿರಳ.

ಕಾಣುವ ಅರ್ಧ, ಕಾಣದ ಅರ್ಧ

ಆದರೆ ನೋಡಿ ಕಲಿಯುವುದರಲ್ಲಿ ಒಂದು ದೊಡ್ಡ ಕೊರತೆಯಿದೆ. ವಿದ್ಯಾರ್ಥಿಗೆ ಕಾಣುವುದು ಶಿಕ್ಷಕನ ಕೆಲಸದ ಅರ್ಧಭಾಗ ಮಾತ್ರ. ಖಡು ಹಿಡಿದ ಕೈ, ಕರಿಹಲಗೆಯ ಮೇಲಿನ ಅಕ್ಷರ, ಏರಿಳಿಯುವ ದನಿ, ಹೊಗಳಿಕೆ, ಗದರಿಕೆ, ಇವು ಕಾಣುತ್ತವೆ. ಹಿಂದಿನ ರಾತ್ರಿ ಕುಳಿತು ಬರೆದ ಪಾಠ ಟಾಚಣ ಕಾಣುವುದಿಲ್ಲ. ಭಿನ್ನರಾಶಿಯನ್ನು ರೊಟ್ಟಿಯ ಚೂರಿನಿಂದ ಆರಂಭಿಸಬೇಕೋ, ಗೆರೆಯ ಮೇಲಿನ ಅಳತೆಯಿಂದ ಆರಂಭಿಸಬೇಕೋ ಎಂದು ಮಾಡಿದ ವಿಚಾರ ಕಾಣುವುದಿಲ್ಲ. ಕೊನೆಯ ಸಾಲಿನ ಹುಡುಗ ಏಕೆ ಮಾತನಾಡುತ್ತಿಲ್ಲವೆಂದು ಸಹೋದ್ಯೋಗಿಗಳ ಕೋಣೆಯಲ್ಲಿ ನಡೆದ ಚರ್ಚೆ ಕಾಣುವುದಿಲ್ಲ. ನಲವತ್ತು ಉತ್ತರಪತ್ರಿಕೆಗಳಲ್ಲಿ ಮೂವತ್ತು ಜನ ಒಂದೇ ತಪ್ಪು ಮಾಡಿದ್ದನ್ನು ಕಂಡು, ತಪ್ಪು ಮಕ್ಕಳದಲ್ಲ, ತಾನು ಹೇಳಿಕೊಟ್ಟ ರೀತಿಯದು ಎಂದು ಶಿಕ್ಷಕನು ಮನಗಾಣುವ ಗಳಿಗೆಯಂತೂ ಯಾರಿಗೂ ಕಾಣುವುದಿಲ್ಲ.

ಇದರ ಪರಿಣಾಮಗಳು ಎರಡು. ಒಂದನೆಯದು, ಕಲಿಸುವುದು ಸುಲಭದ ಕೆಲಸವೆಂಬ ಭ್ರಮೆ. ಪುಸ್ತಕ ತೆರೆದು ಮಾತನಾಡಿದರೆ ಪಾಠವಾಯಿತೆಂದು ನಂಬಿದವನು ಈ ವೃತ್ತಿಯನ್ನು ಕೈಲಾಗದವರ ವೃತ್ತಿಯೆಂದು ಬಗೆದು ದೂರ ಸರಿಯಬಹುದು. ಇಲ್ಲವೇ ಅದೇ ಸುಲಭತನಕ್ಕೆ ಮರುಳಾಗಿ ಒಳಗೆ ಬರಬಹುದು. ಎರಡೂ ಶಾಲೆಗೆ ಹಾನಿಯೇ. ಎರಡನೆಯದು, ಕಂಡದ್ದೆಲ್ಲವೂ, ಒಳ್ಳೆಯದರೊಡನೆ ಕೆಟ್ಟದ್ದೂ, ಹಾಗೆಯೇ ಇಳಿದು ಬರುವುದು. ಹೊಡೆತದಿಂದಲೇ ಮಗ್ಗಿ ಬಾಯಿಪಾಠ ಮಾಡಿದವನು ತಾನು ಮಾಸ್ತರನಾದಾಗ ಕೈ ತಾನಾಗಿಯೇ ಬೆತ್ತದತ್ತ ಹೋಗುತ್ತದೆ. 2009ರ ಕಾಯಿದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯಿದೆ ಬೆತ್ತವನ್ನು ಕಸಿದುಕೊಳ್ಳಬಲ್ಲದು, ಆದರೆ ಬೆತ್ತದ ಬದಲಿಗೆ ಏನು ಮಾಡಬೇಕೆಂಬುದನ್ನು ಬೇರೆ ಬಗೆಯ ಶಿಕ್ಷಕರನ್ನು ಕಂಡವನೇ ಬಲ್ಲ.

ಕೆಲವರಲ್ಲಿ ಈ ಪ್ರಭಾವ ತಿರುವುಮುರುವಾಗಿ ಕೆಲಸ ಮಾಡುವುದೂ ಉಂಟು. ವರ್ಗದ ಮುಂದೆ ನಿಲ್ಲಿಸಿ ಅವಮಾನಿಸಿದ ಮಾಸ್ತರರನ್ನು ನೆನೆದು, ತಾನು ಹಾಗಾಗಬಾರದು, ತನ್ನ ವರ್ಗದಲ್ಲಿ ಯಾವ ಮಗುವೂ ಹಾಗೆ ತಲೆತಗ್ಗಿಸಿ ನಿಲ್ಲಬಾರದು ಎಂಬ ಹಟದಿಂದ ಶಿಕ್ಷಕರಾದವರಿದ್ದಾರೆ. ಇಂತಹವರಿಗೆ ಏನು ಮಾಡಬಾರದೆಂಬುದು ಚೆನ್ನಾಗಿ ತಿಳಿದಿರುತ್ತದೆ. ಏನು ಮಾಡಬೇಕೆಂಬುದಕ್ಕೆ ಮಾತ್ರ ಅವರೂ ಇನ್ನೊಬ್ಬ ಗುರುವನ್ನು ಅರಸಲೇಬೇಕಾಗುತ್ತದೆ.

ಕೂಲಿಮಠದಿಂದ ನಾರ್ಮಲ್ ಸ್ಕೂಲಿಗೆ

ನಮ್ಮ ನಾಡಿನಲ್ಲಿ 'ಮಠ' ಎಂಬ ಶಬ್ದಕ್ಕೆ ಶಾಲೆಯೆಂಬ ಅರ್ಥವೂ ಇತ್ತು. ಊರ ಅಯ್ಯನವರು ಜಗುಲಿಯ ಮೇಲೋ ಗುಡಿಯಲ್ಲಿಯೋ ನಡೆಸುತ್ತಿದ್ದ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿ ಒಪ್ಪಿಸಿ, ಲೆಕ್ಕ ಕಲಿಯುತ್ತಿದ್ದರು. ಗುರು ಒಬ್ಬನೇ, ಮಕ್ಕಳು ಹಲವರು. ಆದುದರಿಂದ ಮುಂದೆ ಹೋದ ಹುಡುಗ ಹಿಂದಿನವರಿಗೆ ಹೇಳಿಕೊಡುವುದು ವಾಡಿಕೆ. ಮದರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬಾತನು ಇಲ್ಲಿಯ ಮಕ್ಕಳು ಮರಳಿನ ಮೇಲೆ ಬರೆಯುವ ಕ್ರಮವನ್ನು ತನ್ನ ಶಾಲೆಗೆ ತಂದು, ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿದನು. 1797ರಲ್ಲಿ ಅದನ್ನು ಪುಸ್ತಕರೂಪದಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಲಾಗಿ ಆ ಕ್ರಮ ಅಲ್ಲಿ 'ಮದ್ರಾಸ್ ಪದ್ಧತಿ' ಎಂದೇ ಪ್ರಸಿದ್ಧವಾಯಿತು. ಕಲಿಯುತ್ತಿರುವಾಗಲೇ ಕಲಿಸುವ ರುಚಿ ಹತ್ತಿಸುವ ಈ ಕ್ರಮದಲ್ಲಿ ಒಂದು ಗುಣವಿತ್ತು. ಗುರುವಿನ ಕೆಲಸದ ಕಾಣದ ಅರ್ಧಭಾಗ ಹಿರಿಯ ಹುಡುಗನಿಗೆ ಸ್ವಲ್ಪವಾದರೂ ಕಾಣುತ್ತಿತ್ತು. ತಾನು ಹೇಳಿದ್ದು ಕಿರಿಯನಿಗೆ ತಿಳಿಯದಿದ್ದಾಗ ಬೇರೆ ರೀತಿಯಲ್ಲಿ ಹೇಳುವ ಹೊಣೆ ಅವನ ಮೇಲೆ ಬೀಳುತ್ತಿತ್ತು.

ಆದರೆ ಕೂಲಿಮಠದ ದೋಷಗಳೂ ಗುಣಗಳಂತೆಯೇ ಪರಂಪರೆಯಿಂದ ಸಾಗಿ ಬರುತ್ತಿದ್ದವು. ಅರ್ಥವಿಲ್ಲದ ಬಾಯಿಪಾಠ, ಕ್ರೂರವಾದ ಶಿಕ್ಷೆಗಳು ಗುರುವಿನಿಂದ ಶಿಷ್ಯನಿಗೆ, ಶಿಷ್ಯನಿಂದ ಅವನ ಶಿಷ್ಯನಿಗೆ ಇಳಿಯುತ್ತಿದ್ದವು. ಈ ಸರಪಳಿಯನ್ನು ಮುರಿದು, ಕಲಿಸುವುದನ್ನೂ ಕಲಿಯಬೇಕು ಎಂಬ ತತ್ತ್ವದ ಮೇಲೆ ನಿಂತದ್ದು ಧಾರವಾಡದ ನಾರ್ಮಲ್ ಸ್ಕೂಲು, ಮುಂದಿನ ಟ್ರೇನಿಂಗ್ ಕಾಲೇಜು. ಅದರ ಮುಖ್ಯಸ್ಥರಾಗಿದ್ದು, ಅನಂತರ ಶಾಲಾ ಇನ್‌ಸ್ಪೆಕ್ಟರಾಗಿ 'ಡೆಪ್ಯುಟಿ' ಎಂಬ ಬಿರುದನ್ನೇ ಹೆಸರಿನೊಡನೆ ಹೊತ್ತ ಚನ್ನಬಸಪ್ಪನವರು ಈ ಭಾಗದ ಶಿಕ್ಷಕ ಪರಂಪರೆಗೆ ಮೂಲಪುರುಷರು. ಮರಾಠಿ ಶಾಲೆಗಳೇ ಪ್ರಬಲವಾಗಿದ್ದ ಕಾಲದಲ್ಲಿ ಅವರು ಊರೂರಿಗೆ ಕನ್ನಡ ಶಾಲೆಗಳನ್ನು ತೆರೆಯಿಸಿದರು, ಆ ಶಾಲೆಗಳಿಗೆ ಬೇಕಾದ ಶಿಕ್ಷಕರನ್ನು ಸಿದ್ಧಗೊಳಿಸಿದರು, ಮುಂದುವರಿದು ಕಲಿಯುವಂತೆ ತರುಣರನ್ನು ಹುರಿದುಂಬಿಸಿದರು. 1865ರಲ್ಲಿ ಧಾರವಾಡದಿಂದ ಶಿಕ್ಷಕರಿಗಾಗಿ ಪತ್ರಿಕೆಯೊಂದು ಹೊರಟಿತು. ಅದರ ಹೆಸರೇ 'ಮಠಪತ್ರಿಕೆ'. ಮುಂದೆ 'ಶಾಲಾಪತ್ರಿಕೆ'ಯಾಗಿ, 'ಜೀವನ ಶಿಕ್ಷಣ'ವಾಗಿ ಅದು ಬೆಳೆದುದನ್ನು ಇಲ್ಲಿಯ ಶಿಕ್ಷಕರು ಬಲ್ಲರು. ಒಬ್ಬ ಶಿಕ್ಷಕನು ತನ್ನ ಕೋಣೆಯೊಳಗೆ ಕಂಡುಕೊಂಡ ಕ್ರಮವನ್ನು ದೂರದ ಹಳ್ಳಿಯ ಇನ್ನೊಬ್ಬನಿಗೆ ತಿಳಿಸುವುದೆಂದರೆ ಕಾಣದ ಅರ್ಧವನ್ನು ಕಾಣುವಂತೆ ಮಾಡುವುದೇ ಅಲ್ಲವೆ?

ಚನ್ನಬಸಪ್ಪನವರು 1881ರಲ್ಲಿ ತೀರಿಕೊಂಡರು. ಆದರೆ ಅವರ ಕಾಲದಲ್ಲಿ ಬಿದ್ದ ಬೀಜ ಮೊಳೆಯುತ್ತಲೇ ಹೋಯಿತು. ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಮುಲ್ಕಿ ಪರೀಕ್ಷೆ ಪಾಸಾದ ಹುಡುಗನಿಗೆ ಎದುರಿಗೆ ಕಾಣುತ್ತಿದ್ದ ಗೌರವದ ದಾರಿಗಳಲ್ಲಿ ಮಾಸ್ತರಿಕೆ ಮುಖ್ಯವಾದುದಾಗಿತ್ತು. ಊರಿನಲ್ಲಿ ಕಾಗದ ಓದಿ ಹೇಳುವವರು, ಅರ್ಜಿ ಬರೆದುಕೊಡುವವರು, ಜಗಳ ಬಿಡಿಸುವವರು ಶಾಲೆಯ ಮಾಸ್ತರರೇ ಆಗಿದ್ದರು. ಹುಡುಗರು ಅವರನ್ನು ವರ್ಗದಲ್ಲಿಯೂ ಕಂಡರು, ಚಾವಡಿಯಲ್ಲಿಯೂ ಕಂಡರು.

ಒಡನಿದ್ದು ಕಲಿತವರು

ಗುರುವಿನ ಕೆಲಸದ ಎರಡೂ ಅರ್ಧಗಳನ್ನು ಶಿಷ್ಯ ಕಂಡಾಗ ಏನಾಗುತ್ತದೆಂಬುದಕ್ಕೆ ನಮ್ಮ ನೆರೆಯ ಗದಗಿನಲ್ಲಿಯೇ ಉಜ್ವಲವಾದ ಉದಾಹರಣೆಯುಂಟು. ಹಾನಗಲ್ಲ ಕುಮಾರಸ್ವಾಮಿಗಳು ಕಣ್ಣಿಲ್ಲದ ಬಾಲಕನೊಬ್ಬನ ಕಂಠವನ್ನು ಮೆಚ್ಚಿ ಅವನಿಗೆ ಸಂಗೀತ ಶಿಕ್ಷಣದ ಏರ್ಪಾಡು ಮಾಡಿದರು. ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ತಮಗೆ ದೊರೆತುದನ್ನು ಅವರು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧ ಮಕ್ಕಳನ್ನು, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುವ ಸಂಗೀತ ಶಾಲೆಯನ್ನೇ ನಡೆಸಿ ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ನೆಲೆಗೊಳಿಸಿದರು. ಅವರ ಶಿಷ್ಯರಲ್ಲಿ ಒಬ್ಬರು 1914ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜರು. 1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಆಶ್ರಮದ ಭಾರವನ್ನು ಹೊತ್ತು, 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ ಆರು ದಶಕಗಳಿಗೂ ಮೀರಿ ಕಲಿಸಿದರು.

ಪುಟ್ಟರಾಜರು ಗುರುವನ್ನು ಕಣ್ಣಿನಿಂದ ನೋಡಿದವರಲ್ಲ, ಆದರೂ ಅವರಷ್ಟು ಪೂರ್ಣವಾಗಿ ಗುರುವನ್ನು ಕಂಡವರು ವಿರಳ. ಆಶ್ರಮದ ಬದುಕಿನಲ್ಲಿ ಪಾಠದ ವೇಳೆ ಬೇರೆ, ಗುರುವಿನ ಬಾಳು ಬೇರೆ ಆಗಿರಲಿಲ್ಲ. ಗುರುಗಳ ಸಾಧನೆ, ದವಸಧಾನ್ಯಕ್ಕಾಗಿ ಪಡುವ ಪಾಡು, ಹಿಂದುಳಿದ ಶಿಷ್ಯನೊಡನೆ ಹಿಡಿಯುವ ತಾಳ್ಮೆ ಎಲ್ಲವೂ ಶಿಷ್ಯನ ಎದುರಿಗೇ ನಡೆಯುತ್ತಿದ್ದವು. ಆದುದರಿಂದಲೇ ಅಲ್ಲಿ ಕಲಿತ ಅನೇಕರು ಬರಿಯ ಗಾಯಕರಾಗದೆ ಗುರುಗಳೂ ಆದರು. ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರುಗಳು ಧಾರವಾಡದಲ್ಲಿ ನೆಲೆಸಿ ಶಿಷ್ಯರನ್ನು ಬೆಳೆಸಿದ್ದು ನಮ್ಮ ಭಾಗದವರಿಗೆ ಗೊತ್ತಿದ್ದ ಸಂಗತಿಯೇ. ಕಣ್ಣಿಲ್ಲದವನೂ ಗುರುವಾಗಬಲ್ಲನೆಂಬುದನ್ನು ಕಣ್ಣಿಲ್ಲದ ಗುರುವೇ ತೋರಿಸಿಕೊಟ್ಟ ಮೇಲೆ ಶಿಷ್ಯರ ಮನಸ್ಸಿನಲ್ಲಿ ಸಂಶಯಕ್ಕೆ ಎಡೆಯೆಲ್ಲಿ?

ಸಾಹಿತ್ಯ ಕ್ಷೇತ್ರದಲ್ಲಿಯೂ ಇಂತಹ ಸರಣಿಯೊಂದಿದೆ. ಮೈಸೂರಿನಲ್ಲಿ ಟಿ.ಎಸ್. ವೆಂಕಣ್ಣಯ್ಯನವರ ಶಿಷ್ಯರಾಗಿ ಕನ್ನಡ ಎಂ.ಎ. ಮುಗಿಸಿದ ಕುವೆಂಪು 1929ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಅವರು ಇಲ್ಲವಾದ ಹತ್ತು ವರ್ಷಗಳ ಮೇಲೆ ಬೆಳಕು ಕಂಡ 'ಶ್ರೀ ರಾಮಾಯಣದರ್ಶನಂ' ಮಹಾಕಾವ್ಯವನ್ನು ಕುವೆಂಪು ಆ ಗುರುವಿಗೇ ಅರ್ಪಿಸಿದರು. ಕುವೆಂಪು ಅವರ ಶಿಷ್ಯರಲ್ಲಿ ಒಬ್ಬರು ಜಿ.ಎಸ್. ಶಿವರುದ್ರಪ್ಪನವರು. ಅವರ ತಂದೆ ಶಾಂತವೀರಪ್ಪನವರು ಶಾಲಾ ಶಿಕ್ಷಕರು. ಮನೆಯಲ್ಲಿ ಶಿಕ್ಷಕ ತಂದೆ, ಕಾಲೇಜಿನಲ್ಲಿ ಕುವೆಂಪು, ಹೀಗೆ ಎರಡೂ ಕಡೆಯ ದೀಪದ ಬೆಳಕಿನಲ್ಲಿ ಬೆಳೆದ ಶಿವರುದ್ರಪ್ಪನವರು ಕುವೆಂಪು ಅವರ ಮಾರ್ಗದರ್ಶನದಲ್ಲಿಯೇ 'ಸೌಂದರ್ಯ ಸಮೀಕ್ಷೆ' ಎಂಬ ಸಂಶೋಧನ ಪ್ರಬಂಧ ಬರೆದು, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿ ನೂರಾರು ಅಧ್ಯಾಪಕರಿಗೆ ಗುರುಗಳಾದರು. ಶಿಕ್ಷಕರ ಮನೆಯ ಮಕ್ಕಳು ಶಿಕ್ಷಕರಾಗುವುದು ಏಕೆ ಹೆಚ್ಚೆಂಬುದು ಇದರಿಂದ ತಿಳಿಯುತ್ತದೆ. ಉತ್ತರಪತ್ರಿಕೆಗಳ ಕಟ್ಟು, ಮರುದಿನದ ಪಾಠದ ಚಿಂತೆ, ಹಳೆಯ ಶಿಷ್ಯ ಮನೆಗೆ ಬಂದಾಗಿನ ಸಂತೋಷ, ಇವು ಆ ಮನೆಗಳ ಮಕ್ಕಳಿಗೆ ಮರೆಯಲ್ಲಿರುವುದಿಲ್ಲ.

ವೃತ್ತಿಯ ಬೆಲೆಯೂ ಶಿಷ್ಯರಿಗೆ ಕಾಣಬೇಕಾಗುತ್ತದೆ. ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾಗಿದ್ದ ದ.ರಾ. ಬೇಂದ್ರೆಯವರು 'ನರಬಲಿ' ಎಂಬ ಕವಿತೆಗಾಗಿ 1932ರಲ್ಲಿ ಸೆರೆವಾಸ ಅನುಭವಿಸಿದರು, ಮುಗದದಲ್ಲಿ ನಿರ್ಬಂಧದಲ್ಲಿದ್ದರು, ವರ್ಷಗಟ್ಟಲೆ ಸ್ಥಿರವಾದ ನೌಕರಿಯಿಲ್ಲದೆ ಕಷ್ಟಪಟ್ಟರು. ಆದರೂ 1935ರಲ್ಲಿ ಎಂ.ಎ. ಮಾಡಿಕೊಂಡು, 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿ ಮತ್ತೆ ಕಲಿಸಿದರು. ಕಷ್ಟಪಟ್ಟವನು ಅದೇ ವೃತ್ತಿಗೆ ಮರಳಿದನೆಂದರೆ ಆ ವೃತ್ತಿಯಲ್ಲಿ ಸಂಬಳಕ್ಕೆ ಮೀರಿದ ಯಾವುದೋ ಸತ್ತ್ವ ಇರಲೇಬೇಕೆಂದು ನೋಡುವವರು ತಿಳಿಯುತ್ತಾರೆ.

ನಿಶ್ಚಯಕ್ಕೆ ನೆಲೆ ಕೊಟ್ಟವರು

ಇಲ್ಲಿಯವರೆಗೆ ಹೇಳಿದ್ದು ಒಬ್ಬ ಗುರು, ಒಬ್ಬ ಶಿಷ್ಯ ಎಂಬ ಬಗೆಯ ಪ್ರಭಾವ. ಆದರೆ ಒಬ್ಬಂಟಿಯ ನಿಶ್ಚಯ ಬಹುಕಾಲ ನಿಲ್ಲಬೇಕಾದರೆ ಅದಕ್ಕೊಂದು ಸಂಸ್ಥೆಯ ನೆಲೆ ಬೇಕು. ಪುಣೆಯಲ್ಲಿ ಟಿಳಕ, ಆಗರಕರ ಮೊದಲಾದ ತರುಣರು 1880ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು, 1884ರಲ್ಲಿ ಡೆಕ್ಕನ್ ಎಜುಕೇಶನ್ ಸೊಸಾಯಟಿಯನ್ನು ಆರಂಭಿಸಿದರು. ಅಲ್ಪ ವೇತನಕ್ಕೆ ಆಜೀವ ಸದಸ್ಯರಾಗಿ ಕಲಿಸುತ್ತೇವೆಂಬುದು ಅವರ ವ್ರತ. 1916ರ ನವೆಂಬರ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದವರೂ ಅದೇ ದಾರಿಯನ್ನು ಹಿಡಿದರು. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಬಿ.ಎಸ್. ಹಂಚಿನಾಳ, ಬಿ.ಬಿ. ಮಮದಾಪುರ ಮೊದಲಾದ ಏಳು ಜನರನ್ನು ಸಮಾಜವು 'ಸಪ್ತರ್ಷಿ'ಗಳೆಂದು ಕರೆದದ್ದು ಸುಮ್ಮನೆ ಅಲ್ಲ. ಹೆಚ್ಚಿನ ಆದಾಯದ ದಾರಿಗಳು ತೆರೆದಿದ್ದಾಗ ಪದವೀಧರರಾದ ತರುಣರು ಖಡು ಹಿಡಿದು ನಿಂತದ್ದನ್ನು ಅವರ ವಿದ್ಯಾರ್ಥಿಗಳು ಕಂಡರು. ಕಲಿಸುವುದು ಬೇರೆ ಏನೂ ಸಿಗದವರ ಕೆಲಸವಲ್ಲ, ಬೇಕೆಂದು ಆರಿಸಿಕೊಳ್ಳುವ ಕೆಲಸ ಎಂಬ ಅರಿವನ್ನು ಇಂತಹ ದೃಶ್ಯವೊಂದೇ ಮಾಡಿಕೊಡಬಲ್ಲದು.

ಈ ತ್ಯಾಗದ ಪಕ್ಕದಲ್ಲಿ ದಾನವೂ ನಿಂತಿತ್ತು. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ವಿದ್ಯೆಗೆ ಮೀಸಲಿಟ್ಟರು. 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜು ಅವರ ಹೆಸರನ್ನು ಹೊತ್ತಿತು. ಧಾರವಾಡದ ಶಿಕ್ಷಕ ಗುರುಬಸಪ್ಪ ಹಳಕಟ್ಟಿಯವರ ಮಗ ಫ.ಗು. ಹಳಕಟ್ಟಿಯವರು ವಕೀಲರಾದರೂ ಶಿಕ್ಷಕನ ಮನೆಯ ಸಂಸ್ಕಾರವನ್ನು ಬಿಡಲಿಲ್ಲ. 1910ರಲ್ಲಿ ವಿಜಾಪುರದಲ್ಲಿ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯ ಸ್ಥಾಪನೆಗೆ ಮುಂದಾದರು, ವಚನ ವಾಙ್ಮಯದ ಸಂಶೋಧನೆಗೆ ಬಾಳನ್ನು ತೆತ್ತರು. ಶಿಕ್ಷಕನ ಪ್ರಭಾವಕ್ಕೆ ಒಳಗಾದವರೆಲ್ಲರೂ ಶಿಕ್ಷಕರೇ ಆಗಬೇಕೆಂದಿಲ್ಲ. ಶಿಕ್ಷಕರು ನಿಲ್ಲಲು ನೆಲವನ್ನು ಒದಗಿಸುವುದೂ ಆ ಋಣವನ್ನು ತೀರಿಸುವ ಒಂದು ಬಗೆ. ಈ ಸಂಪುಟವನ್ನು ಓದುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇದನ್ನು ತಮ್ಮ ಅನುಭವದಿಂದಲೇ ಬಲ್ಲರು.

ತನ್ನಂತಹವರನ್ನು ಕಾಣುವುದು

ಮಗು ತನ್ನ ಮುಂದಿನ ಬಾಳನ್ನು ಊಹಿಸಿಕೊಳ್ಳುವುದು ತನ್ನಂತಹವರನ್ನು ಕಂಡಾಗ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಅಲ್ಲಿ ಕಲಿಸಿದ ಸಾವಿತ್ರಿಬಾಯಿ ಫುಲೆಯವರಿಗೆ ಅಕ್ಷರ ಕಲಿಸಿದವರು ಪತಿ ಜೋತಿಬಾ. ಮುಂದೆ ದಾರಿ ತೋರಿಸುವ ಇನ್ನೊಬ್ಬ ಶಿಕ್ಷಕಿಯನ್ನು ಶಾಲೆಯಲ್ಲಿ ಕಂಡು ಬೆಳೆಯುವ ಭಾಗ್ಯ ಅವರಿಗಿರಲಿಲ್ಲ. ಅವರ ವಿದ್ಯಾರ್ಥಿನಿಯರಿಗೆ ಆ ಭಾಗ್ಯ ದೊರೆಯಿತು. ನಮ್ಮ ಹಳ್ಳಿಗಳಲ್ಲಿಯೂ ಮೊದಲ ಅಕ್ಕೋರು ಶಾಲೆಗೆ ಬಂದ ದಿನದಿಂದ ಹೆಣ್ಣುಮಕ್ಕಳ ಆಟದಲ್ಲಿ 'ಶಾಲೆ ಆಟ'ಕ್ಕೆ ಹೊಸ ಅರ್ಥ ಬಂದಿತೆನ್ನಬಹುದು. ತಾಯಂದಿರು ಮಗಳನ್ನು ಏಳನೆಯ ವರ್ಗಕ್ಕೆ ಬಿಡಿಸದೆ ಮುಂದೆ ಓದಿಸಲು ಒಪ್ಪುವುದಕ್ಕೆ ಊರಿನ ಶಿಕ್ಷಕಿಯ ಬದುಕೇ ಎಷ್ಟೋ ಸಲ ಪುರಾವೆಯಾಗಿದೆ.

ಗಡಿನಾಡಿನಲ್ಲಿ ಈ ವಿಷಯ ಇನ್ನೂ ತೀವ್ರವಾಗಿದೆ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕಯ್ಯಾರ ಕಿಞ್ಞಣ್ಣ ರೈಯವರು ಪೆರಡಾಲದ ನವಜೀವನ ಹೈಸ್ಕೂಲಿನ ಶಿಕ್ಷಕರಾಗಿ, ಕನ್ನಡದ ಕವಿಯಾಗಿ, ಹೋರಾಟಗಾರರಾಗಿ ಬಾಳಿದರು. 1969ರಲ್ಲಿ ರಾಷ್ಟ್ರಮಟ್ಟದ ಉತ್ತಮ ಶಿಕ್ಷಕ ಪ್ರಶಸ್ತಿ ಅವರಿಗೆ ಸಂದಿತು. ಆ ಭಾಗದಲ್ಲಿ ಕನ್ನಡ ಮಾಧ್ಯಮದ ವರ್ಗಗಳಿಗೆ ಕನ್ನಡ ಬಾರದ ಶಿಕ್ಷಕರ ನೇಮಕವಾದಾಗ ಮಕ್ಕಳೂ ಪಾಲಕರೂ ಪ್ರತಿಭಟಿಸಿದ ಪ್ರಸಂಗಗಳು ಈಚಿನ ವರ್ಷಗಳಲ್ಲಿ ನಡೆದಿವೆ. ಅಲ್ಲಿಯ ಕನ್ನಡ ಶಾಲೆ ಉಳಿಯಬೇಕಾದರೆ ಆ ಶಾಲೆಗಳಲ್ಲಿ ಕಲಿತವರೇ ಕೆಲವರು ಕಲಿಸಲು ಮರಳಬೇಕು. ಶಾಲೆಯೊಂದು ತನ್ನ ಶಿಕ್ಷಕರನ್ನು ತಾನೇ ಹುಟ್ಟಿಸದಿದ್ದರೆ ಏನಾಗುತ್ತದೆಂಬುದನ್ನು ಗಡಿನಾಡು ನಮಗಿಂತ ಮೊದಲೇ ಕಾಣುತ್ತಿದೆ.

ನಮ್ಮ ಶಾಲೆಗಳು ಮಾಡಬಹುದಾದುದು

ಹಿಂದೆ ಮುಲ್ಕಿ ಮುಗಿಸಿದ ಹುಡುಗ ಇನ್ನೂ ಬಾಲಕನಾಗಿರುವಾಗಲೇ ಮಾಸ್ತರಿಕೆಯ ವಿಚಾರ ಮಾಡುತ್ತಿದ್ದ. ಮುಂದೆ ಬಿ.ಇಡಿ. ಬಂದ ಮೇಲೆ ಪ್ರೌಢಶಾಲಾ ಶಿಕ್ಷಕನಾಗುವ ನಿಶ್ಚಯ ಪದವಿಯ ನಂತರಕ್ಕೆ ಹೋಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ನಾಲ್ಕು ವರ್ಷಗಳ ಸಂಯುಕ್ತ ಬಿ.ಇಡಿ.ಯನ್ನು 2030ರ ವೇಳೆಗೆ ಶಿಕ್ಷಕರ ಕನಿಷ್ಠ ಅರ್ಹತೆಯಾಗಿಸುವ ಗುರಿಯನ್ನು ಮುಂದಿಟ್ಟಿತು. ಇಂತಹ ಶಿಕ್ಷಣಕ್ಕೆ ಸೇರುವವರು ಪಿ.ಯು.ಸಿ. ಮುಗಿಸುತ್ತಲೇ ನಿರ್ಧರಿಸಬೇಕಾಗುತ್ತದೆ. ಎಂದರೆ ಆ ನಿರ್ಧಾರದ ಬೀಜ ಪ್ರೌಢಶಾಲೆಯ ಅಂಗಳದಲ್ಲಿಯೇ ಬಿದ್ದಿರಬೇಕು. ಆ ಅಂಗಳ ನಮ್ಮದು.

ಇದಕ್ಕೆ ದೊಡ್ಡ ಯೋಜನೆಗಳು ಬೇಕಿಲ್ಲ. ಮೊದಲನೆಯದಾಗಿ, ಕಾಣದ ಅರ್ಧವನ್ನು ಮಕ್ಕಳಿಗೆ ಸ್ವಲ್ಪ ತೋರಿಸಬೇಕು. ಒಂಬತ್ತನೆಯ ವರ್ಗದ ಮಕ್ಕಳಿಗೆ ವಾರದಲ್ಲೊಮ್ಮೆ ಐದನೆಯ ವರ್ಗದ ನಾಲ್ಕಾರು ಮಕ್ಕಳನ್ನು ಒಪ್ಪಿಸಿ ಒಂದು ಸಣ್ಣ ಪಾಠ ಹೇಳಿಸಲಿ. ಹೇಳುವ ಮುನ್ನ ಟಾಚಣ ಬರೆಯಿಸಲಿ, ಹೇಳಿದ ಮೇಲೆ ಏನು ಫಲಿಸಿತು, ಏನು ಫಲಿಸಲಿಲ್ಲವೆಂದು ಶಿಕ್ಷಕರು ಕುಳಿತು ಮಾತನಾಡಲಿ. ಶಿಕ್ಷಕರ ದಿನಾಚರಣೆಯಂದು ಮಕ್ಕಳಿಗೆ ಒಂದು ದಿನದ ಮಟ್ಟಿಗೆ ಮಾಸ್ತರರ ವೇಷ ಹಾಕಿಸುವುದು ಅನೇಕ ಶಾಲೆಗಳ ರೂಢಿ. ವೇಷದ ಬದಲಿಗೆ ಕೆಲಸವನ್ನೇ ಕೊಟ್ಟರೆ ಆ ಆಚರಣೆ ಸಾರ್ಥಕವಾಗುವುದು.

ಎರಡನೆಯದಾಗಿ, ಮಾತನ್ನು ಬಾಯಿಬಿಟ್ಟು ಹೇಳಬೇಕು. ಗಣಿತದಲ್ಲಿ ಚುರುಕಾದ ಹುಡುಗನಿಗೆ 'ನೀನು ಎಂಜಿನಿಯರಾಗು' ಎನ್ನುವವರು ಹತ್ತು ಜನ. ಗೆಳೆಯನಿಗೆ ತಾಳ್ಮೆಯಿಂದ ಲೆಕ್ಕ ಬಿಡಿಸಿ ತೋರಿಸುವ ಹುಡುಗಿಗೆ 'ನೀನು ಒಳ್ಳೆಯ ಶಿಕ್ಷಕಿಯಾಗುವೆ, ತಂಗಿ' ಎನ್ನುವವರು ಎಷ್ಟು ಜನ? ಶಿಕ್ಷಕರೇ ತಮ್ಮ ವೃತ್ತಿಯನ್ನು ಹಳಿದುಕೊಳ್ಳುತ್ತ, 'ನಮ್ಮಂತೆ ಆಗಬೇಡಿರಿ' ಎಂದು ಮಕ್ಕಳೆದುರಿಗೆ ನುಡಿಯುವುದುಂಟು. ಬೇಸರದಲ್ಲಿ ಆಡಿದ ಆ ಒಂದು ಮಾತು ಸಾವಿರಾರು ಗಂಟೆಗಳ ಒಳ್ಳೆಯ ಪಾಠದ ಫಲವನ್ನು ಕೆಡಿಸಬಲ್ಲದು.

ಮೂರನೆಯದು ಆಡಳಿತ ಮಂಡಳಿಗಳಿಗೂ ದಾನಿಗಳಿಗೂ ಸಂಬಂಧಿಸಿದ್ದು. ಮಕ್ಕಳು ಪಾಠವನ್ನಷ್ಟೇ ನೋಡುವುದಿಲ್ಲ, ಶಿಕ್ಷಕರನ್ನು ಸಮಾಜ ನಡೆಸಿಕೊಳ್ಳುವ ರೀತಿಯನ್ನೂ ನೋಡುತ್ತಾರೆ. ಅತಿಥಿ ಶಿಕ್ಷಕರೆಂದೋ ತಾತ್ಪೂರ್ತಿಕ ನೇಮಕವೆಂದೋ ಅಲ್ಪ ಗೌರವಧನದಲ್ಲಿ, ಮುಂದಿನ ವರ್ಷ ಇರುವೆವೋ ಇಲ್ಲವೋ ಎಂಬ ಆತಂಕದಲ್ಲಿ ದುಡಿಯುವ ತರುಣ ಶಿಕ್ಷಕರನ್ನು ಕಂಡ ಮಗು ತನ್ನ ಬಾಳನ್ನು ಆ ದಾರಿಯಲ್ಲಿ ಹೇಗೆ ಕಲ್ಪಿಸಿಕೊಂಡೀತು? ಗುರುವಿಗೆ ಕೊಡುವ ಶಾಲು, ಫಲಪುಷ್ಪಗಳ ಗೌರವ ಒಳ್ಳೆಯದೇ. ಹೊತ್ತಿಗೆ ಸರಿಯಾಗಿ ತಲಪುವ ಯೋಗ್ಯ ವೇತನದ ಗೌರವ ಅದಕ್ಕಿಂತ ಆಳವಾದುದು. ಕಟ್ಟಡಗಳಿಗೆ ದಾನ ಕೊಡುವ ಹಿರಿಯರು, ಶಿಕ್ಷಕ ತರಬೇತಿಗೆ ಹೋಗುವ ಬಡ ವಿದ್ಯಾರ್ಥಿಯ ಎರಡು ವರ್ಷಗಳ ಶುಲ್ಕವನ್ನೂ ತಮ್ಮ ದಾನದ ಪಟ್ಟಿಯಲ್ಲಿ ಸೇರಿಸಿಕೊಳ್ಳಬಹುದು. ಅದರ ಮೇಲೆ ಹೆಸರು ಕೆತ್ತಿಸಲು ಕಲ್ಲು ಇರುವುದಿಲ್ಲ, ಆದರೆ ಮೂವತ್ತು ವರ್ಷಗಳ ಕಾಲ ಹಾಯ್ದು ಹೋಗುವ ಮಕ್ಕಳಿರುತ್ತಾರೆ.

ನಾಲ್ಕನೆಯದಾಗಿ, ಶಿಕ್ಷಕರಾಗಿರುವ ಹಳೆಯ ವಿದ್ಯಾರ್ಥಿಗಳನ್ನು ಶಾಲೆಗೆ ಕರೆಸಬೇಕು. ಸತ್ಕಾರಕ್ಕೆ ಮಾತ್ರವಲ್ಲ, ತಾವು ಏಕೆ ಈ ದಾರಿ ಹಿಡಿದೆವು, ಮೊದಲ ವರ್ಷ ಎಷ್ಟು ತೊಳಲಿದೆವು, ಯಾವ ಗುರುವಿನ ಯಾವ ರೀತಿ ನೆರವಿಗೆ ಬಂದಿತು ಎಂಬುದನ್ನು ಮಕ್ಕಳೆದುರಿಗೆ ಹೇಳುವುದಕ್ಕೆ. ಅಂತಹವರ ಪಟ್ಟಿಯನ್ನು ಇಂತಹ ಸಂಪುಟಗಳಲ್ಲಿ ವರ್ಷವರ್ಷವೂ ಅಚ್ಚು ಹಾಕಿಸಿದರೆ ಅದು ಪರೀಕ್ಷಾ ಫಲಿತಾಂಶದಷ್ಟೇ ಹೆಮ್ಮೆಯ ಪಟ್ಟಿಯಾಗುವುದು.

ಅಷ್ಟಾವರಣಗಳಲ್ಲಿ ಗುರುವಿಗೆ ಮೊದಲ ಸ್ಥಾನವನ್ನು ಕೊಟ್ಟ ಪರಂಪರೆ ನಮ್ಮದು. ಆ ಸ್ಥಾನ ಉಳಿಯುವುದು ಗುರುವನ್ನು ಹಾಡಿ ಹೊಗಳುವುದರಿಂದಲ್ಲ, ಪ್ರತಿಯೊಂದು ತಲೆಮಾರಿನಲ್ಲಿಯೂ ಶಾಲೆಯ ಉತ್ತಮ ಮಕ್ಕಳಲ್ಲಿ ಕೆಲವರಾದರೂ ತಾವೇ ಮುಂದೆ ಬಂದು ಖಡು ಹಿಡಿಯುವುದರಿಂದ. ಅವರು ಮುಂದೆ ಬರುವಂತೆ ಮಾಡುವ ಸಾಮರ್ಥ್ಯ ಇಂದು ವರ್ಗದಲ್ಲಿ ನಿಂತಿರುವ ಶಿಕ್ಷಕ ಬಂಧುಭಗಿನಿಯರಿಗೇ ಎಲ್ಲರಿಗಿಂತ ಹೆಚ್ಚಾಗಿ ಇದೆ. ಆ ಕಾರ್ಯದಲ್ಲಿ ಅವರಿಗೆ ಆಡಳಿತ ಮಂಡಳಿಯ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಬೆಂಬಲ ನಿರಂತರವಾಗಿ ದೊರೆಯಲಿ ಎಂದು ಹಾರೈಸುತ್ತೇನೆ.